ಹೊಸ ನೀರಿನ ಮೊದಲ ಮೀನು

ಕೊರೋನಾ ಮುಗಿದ ಎರಡನೇ ವರ್ಷದ ಡಿಸೆಂಬರ್. ಆಗ ನಾನು ಹೊನ್ನಾವರದ ಬಂದರಿನಲ್ಲಿ ಒಂದು ಚಾರ್ಟರ್ ಬೋಟಿನ ತಂಡೇಲನಾಗಿದ್ದೆ. ಚಾರ್ಟರ್ ಬೋಟ್ ಎಂದರೆ ಮಾರಾಟಕ್ಕೆ ಮೀನು ಹಿಡಿಯುವ ಬೋಟಲ್ಲ. ಗಾಳ ಹಾಕುವ ಹವ್ಯಾಸದವರು ದಿನದ ಬಾಡಿಗೆಗೆ ಹಿಡಿಯುವ ಬೋಟು. ತಂಡೇಲ ಎಂದರೆ ಅದನ್ನು ನಡೆಸುವವನು, ಮೀನು ಸಿಗದಿದ್ದರೆ ಬೈಸಿಕೊಳ್ಳುವವನು. ನಾನು ಸಾಗರ ತಾಲ್ಲೂಕಿನವನು, ನೀರಿನ ಕೆಲಸ ಕಲಿತದ್ದು ತುಮರಿ ಲಾಂಚಿನಲ್ಲಿ. ಹಿನ್ನೀರಿನಲ್ಲಿ ಬಸ್ಸು, ಎಮ್ಮೆ, ಮದುವೆ ದಿಬ್ಬಣ ದಾಟಿಸಿಕೊಂಡಿದ್ದವನು ಕಡಲಿಗೆ ಇಳಿದಾಗ ಬಂದರಿನವರು ನನ್ನನ್ನು "ಕೆರೆ ತಂಡೇಲ" ಎಂದು ಕರೆದು ವರ್ಷಗಟ್ಟಲೆ ನಕ್ಕರು. ನಗಲಿ ಎಂದು ನಾನೂ ಬಿಟ್ಟಿದ್ದೆ.

ನಮ್ಮ ಗಿರಾಕಿಗಳಿಗೆ ಬೇಕಿದ್ದುದು ರೆಡ್ ಸ್ನ್ಯಾಪರ್. ಕಡಲ ತಳದಲ್ಲಿ ಕಲ್ಲುಬಂಡೆಗಳಿರುವ ಕಡೆ ವಾಸಿಸುವ ಕೆಂಪು ಮೀನು ಅದು. ತಿನ್ನಲು ರುಚಿ, ಫೋಟೋದಲ್ಲಿ ಇನ್ನೂ ಚೆಂದ. ಮೀನಿಗಿಂತ ಫೋಟೋಕ್ಕಾಗಿಯೇ ಬರುವವರನ್ನು ನೋಡಿ ನೋಡಿ ನನಗೆ ಗಿರಾಕಿಗಳೆಂದರೆ ಸ್ವಲ್ಪ ತಾತ್ಸಾರವೇ ಬಂದುಬಿಟ್ಟಿತ್ತು.

ಆ ದಿನ ಬಂದವರು ತೀರ್ಥಹಳ್ಳಿಯ ಅಪ್ಪ, ಮಗ ಇಬ್ಬರೇ. ಅಪ್ಪ ನಾಗಪ್ಪ, ತೀರ್ಥಹಳ್ಳಿ–ಹೊಸನಗರ ರೂಟಿನ ಖಾಸಗಿ ಬಸ್ಸಿನ ಡ್ರೈವರ್. ಮಗ ಪ್ರದೀಪ, ಬ್ಯಾಟರಿ ಅಂಗಡಿ ಇಟ್ಟುಕೊಂಡಿದ್ದವನು. ಮೂವತ್ತು ದಾಟಿರಲಿಲ್ಲ. ಟೋಪಿಯ ಕೆಳಗೆ ತಲೆಯಲ್ಲಿ ಕೂದಲಿರಲಿಲ್ಲ, ಅಂಗಿ ಬೇರೆಯವರದ್ದೇನೋ ಎಂಬಂತೆ ಜೋತಾಡುತ್ತಿತ್ತು. ಬೋಟು ಹತ್ತುವಾಗ ಅಪ್ಪ ಕೈ ಹಿಡಿಯಲು ಹೋದರೆ, "ಬಿಡಪ್ಪಯ್ಯ, ಹತ್ತುತೀನಿ" ಎಂದ. ಹತ್ತಿದವನು ಸುಸ್ತಾಗಿ ಹಲಗೆಯ ಮೇಲೆ ಮಲಗಿಬಿಟ್ಟ.

ಅವನಿಗೆ ನಿದ್ದೆ ಹತ್ತಿದ ಮೇಲೆ ನಾಗಪ್ಪಣ್ಣ ಸ್ಟಿಯರಿಂಗ್ ಹತ್ತಿರ ಬಂದು ನಿಂತರು. ಮಗನಿಗೆ ರಕ್ತದ ಕ್ಯಾನ್ಸರ್. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಮಂಡಗದ್ದೆಯ ಆಚೀಚೆ ತುಂಗೆಯಲ್ಲಿ ಗಾಳ ಹಾಕಿಯೇ ಬೆಳೆದವನು, ಕಡಲಲ್ಲಿ ಒಮ್ಮೆ ಈ ಕೆಂಪು ಮೀನು ಹಿಡಿಯಬೇಕು ಎಂದು ಆಸೆಪಟ್ಟಿದ್ದ.

"ನಮ್ಮ ಮನೇಲಿ ಒಂದು ಕ್ರಮ ಉಂಟು ಮಾರಾಯ್ರೆ," ಎಂದರು ನಾಗಪ್ಪಣ್ಣ. "ಹೊಸ ನೀರಿಗೆ ಗಾಳ ಹಾಕಿದ್ರೆ ಮೊದಲ್ನೇ ಮೀನು ತಿನ್ನೋ ಹಾಗಿಲ್ಲ. ಅರಿಶಿನ ಹಚ್ಚಿ ನೀರಿಗೇ ಬಿಡ್ತೀವಿ. ಈ ಸಲ ಇವ್ನ ಹೆಸರಲ್ಲಿ ಹೇಳ್ಕೊಂಡಿದೀನಿ. ಅದೂ ಬದುಕ್ಲಿ, ಇವ್ನೂ ಬದುಕ್ಲಿ ಅಂತ."

ಹೊಳೆಯ ಮೀನನ್ನು ಬಿಟ್ಟರೆ ಬಾಲ ಬಡಿದು ಓಡಿಹೋಗುತ್ತದೆ. ಸ್ನ್ಯಾಪರ್ ಹಾಗಲ್ಲ. ಮೀನಿನ ಹೊಟ್ಟೆಯಲ್ಲಿ ಒಂದು ಗಾಳಿಚೀಲವಿರುತ್ತದೆ. ಮೂವತ್ತು ಮಾರು ಆಳದಲ್ಲಿ ನೀರಿನ ಒತ್ತಡ ಅದನ್ನು ಅದುಮಿಟ್ಟಿರುತ್ತದೆ. ಅಲ್ಲಿಂದ ಸರ್ರನೆ ಮೇಲೆಳೆದರೆ ಚೀಲ ಉಬ್ಬಿ, ಕಣ್ಣು ಹೊರಗೆ ಬಂದು, ಜಠರ ಬಾಯಿಗೆ ಬರುತ್ತದೆ. ಮತ್ತೆ ನೀರಿಗೆ ಹಾಕಿದರೂ ಅದು ಮುಳುಗಲಾರದೆ ತೇಲುತ್ತಲೇ ಸಾಯುತ್ತದೆ. ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳಿದೆ. ದಡದ ಹತ್ತಿರ ಬೇರೆ ಮೀನು ಹಿಡಿದು ನೀರಿಗೆ ಬಿಡೋಣ ಎಂದೂ ಹೇಳಿದೆ.

ಅಷ್ಟರಲ್ಲಿ ಪ್ರದೀಪ ಎದ್ದು ಕೂತಿದ್ದ. "ಕೆಂಪುದೇ ಬೇಕಣ್ಣ. ಇಷ್ಟು ದೂರ ಬಂದಿದೀನಿ," ಎಂದ. ನಾನು ಬೋಟನ್ನು ಆಳದ ಕಡೆಗೇ ಬಿಟ್ಟೆ.

ಬಂಡೆಯ ಜಾಗದಲ್ಲಿ ಲಂಗರು ಹಾಕಿದೆವು. ಬಿಸಿಲೇರುವ ಹೊತ್ತಿಗೆ ಅವನ ರಾಡು ಬಾಗಿತು. ಅವನಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ ತಿಳಿಯದು. ಅಪ್ಪ ಹಿಂದಿನಿಂದ ಸೊಂಟ ಹಿಡಿದುಕೊಂಡರು, ಅವನು ಹಲ್ಲು ಕಚ್ಚಿ ರೀಲ್ ಸುತ್ತಿದ. ಮೇಲೆ ಬಂದದ್ದು ಮೊಳದುದ್ದದ ಸ್ನ್ಯಾಪರ್, ಕಾದ ಕಬ್ಬಿಣದಷ್ಟು ಕೆಂಪು. ಅಪ್ಪ, ಮಗ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕ ಆ ನಗು ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಫೋಟೋ ತೆಗೆಯುವುದು ಇಬ್ಬರಿಗೂ ನೆನಪಾಗಲಿಲ್ಲ.

ಮೀನಿನ ಕಣ್ಣು ಆಗಲೇ ಉಬ್ಬಿತ್ತು. ನಾಗಪ್ಪಣ್ಣ ಜೇಬಿನ ಪೊಟ್ಟಣದಿಂದ ಅರಿಶಿನ ತೆಗೆದು ಅದರ ಹಣೆಗೆ ಹಚ್ಚಿದರು. ನನಗೆ ಗೊತ್ತಿದ್ದ ಉಪಾಯ ಒಂದೇ. ಹಿಮ್ಮುಳ್ಳು ತೇಯ್ದ ಗಾಳವನ್ನು ದೊಡ್ಡ ಸೀಸದ ಗುಂಡಿಗೆ ತಲೆಕೆಳಗಾಗಿ ಕಟ್ಟಿ, ಮೀನಿನ ಕೆಳದವಡೆಗೆ ಸಿಕ್ಕಿಸಿ ಹಗ್ಗದಲ್ಲಿ ತಳದವರೆಗೆ ಇಳಿಸುವುದು. ಆಳದ ಒತ್ತಡಕ್ಕೆ ಚೀಲ ಕುಗ್ಗಿದ ಮೇಲೆ ಹಗ್ಗವನ್ನೊಮ್ಮೆ ಜಗ್ಗಿದರೆ ಗಾಳ ಕಳಚಿಕೊಳ್ಳುತ್ತದೆ. ಕೆಲವು ಮೀನು ಹಾಗೆ ಬದುಕುತ್ತವೆ, ಕೆಲವು ಇಲ್ಲ.

ಇಳಿಸಿದೆ, ಸ್ವಲ್ಪ ಹೊತ್ತು ಬಿಟ್ಟು ಜಗ್ಗಿದೆ. ಗುಂಡಿನ ಗಾಳ ಖಾಲಿಯಾಗಿ ಮೇಲೆ ಬಂತು.

"ಹೋಯ್ತಾ?" ಎಂದರು ನಾಗಪ್ಪಣ್ಣ.

"ಹೋಯ್ತು."

ಅವರು ಬೋಟಿನ ಮುಂದಕ್ಕೆ ಹೋಗಿ ಸೂರ್ಯನ ಕಡೆ ತಿರುಗಿ ಕೈಮುಗಿದು ಕಣ್ಣು ಮುಚ್ಚಿದರು. ನಾನು ಲಂಗರು ಎತ್ತಿ ಬೋಟು ತಿರುಗಿಸುತ್ತಿದ್ದೆ. ತಿರುಗುವಾಗ ಹಿಂದೆ ನೋಡುವುದು ತಂಡೇಲನ ಅಭ್ಯಾಸ. ನೋಡಿದರೆ, ನೀರಿನ ಮೇಲೆ ಒಂದು ಕೆಂಪು ಹೊಟ್ಟೆ. ನಮ್ಮದೇ ಮೀನು. ಕಿವಿರು ಆಡುತ್ತಿರಲಿಲ್ಲ. ಕಡಲ ಹದ್ದೊಂದು ಆಗಲೇ ಅದರ ಮೇಲೆ ಸುತ್ತು ಹಾಕುತ್ತಿತ್ತು.

ಪ್ರದೀಪ ಅದನ್ನೇ ನೋಡುತ್ತ ಕೂತಿದ್ದ. ಮೆಲ್ಲಗೆ ಎದ್ದು ನನ್ನ ಬಳಿ ಬಂದ. "ಬೇಗ ಓಡ್ಸಿ ಅಣ್ಣ. ಅಪ್ಪಯ್ಯಂಗೆ ಇದು ಕಾಣ್ಬಾರ್ದು. ಏನೋ ಹರಕೆ ಹೇಳ್ಕೊಂಡಿದಾರೆ, ನಂಗೊತ್ತು." ಬೋಟು ಇನ್ನೂ ತಿರುಗುತ್ತಿತ್ತು, ಆ ಮೀನು ಅಪ್ಪನ ಎಡಗಡೆಗೆ ಬರುವುದರಲ್ಲಿತ್ತು. ಅವನು ಗಟ್ಟಿಯಾಗಿ ಕೂಗಿದ: "ಅಪ್ಪಯ್ಯ, ಬಲಗಡೆ ನೋಡು, ಡಾಲ್ಫಿನ್ನು."

ಬಲಗಡೆ ಬರೀ ನೀರು. ನಾಗಪ್ಪಣ್ಣ ಆ ಕಡೆಗೇ ತಿರುಗಿ, "ಹೌದು, ಕಂಡೆ ಕಂಡೆ. ಎಷ್ಟು ದೊಡ್ಡದು ಮಾರಾಯ," ಎಂದರು. ಅಲೆಯನ್ನು ನೋಡಿ ಹಾಗಂದರೆಂದು ನಾನು ತಿಳಿದೆ. ದಡಕ್ಕೆ ಬರುವವರೆಗೂ ಅಪ್ಪ, ಮಗ ಆ ಡಾಲ್ಫಿನ್ನಿನ ಮಾತೇ ಆಡಿದರು.

ಮುಂದಿನ ಮಳೆಗಾಲದಲ್ಲಿ ಪ್ರದೀಪ ಹೋದ. ತೀರ್ಥಹಳ್ಳಿಯಿಂದ ಬಂದ ಗಿರಾಕಿಯೊಬ್ಬರು ಹೇಳಿದರು. ಅಂದು ನಾನು ಊಟ ಮಾಡಲಿಲ್ಲ. ಅಲ್ಲಿಂದಾಚೆಗೆ ಯಾರೇ ಬರಲಿ, ಗಾಳ ಹಾಕುವ ಮೊದಲು "ಹಿಡಿದದ್ದನ್ನು ಬಿಡುವವರಾ, ಒಯ್ಯುವವರಾ?" ಎಂದು ಕೇಳುತ್ತಿದ್ದೆ. ಬಿಡುವವರನ್ನು ಆಳಕ್ಕೆ ಕರೆದೊಯ್ಯುತ್ತಿರಲಿಲ್ಲ.

ಕೆಲಸ ಬಿಟ್ಟು ಊರಿಗೆ ಮರಳಿದ ಮೇಲೆ ಒಮ್ಮೆ ತೀರ್ಥಹಳ್ಳಿಯಲ್ಲಿ ಹೊಸನಗರದ ಬಸ್ಸು ಹತ್ತಿದೆ. ಡ್ರೈವರ್ ಸೀಟಿನಲ್ಲಿ ನಾಗಪ್ಪಣ್ಣ. ನಡುವೆ ಚಹಾಕ್ಕೆ ಬಸ್ಸು ನಿಂತಾಗ ನನ್ನನ್ನು ಪಕ್ಕಕ್ಕೆ ಕರೆದರು. ಬಹಳ ಇಳಿದುಹೋಗಿದ್ದರು.

"ಆ ಮೀನು ತೇಲಿದ್ದು ನಾನು ನೋಡಿದ್ದೆ ಮಾರಾಯ್ರೆ. ಬೋಟು ತಿರುಗೋವಾಗ ಒಂದು ಸಲ ಕಣ್ಣು ಬಿಟ್ಟಿದ್ದೆ. ಅವ್ನಿಗೆ ಗೊತ್ತಾಗ್ಬಾರ್ದು ಅಂತ ಮತ್ತೆ ಮುಚ್ಕೊಂಡೆ. ಅವ್ನು ಡಾಲ್ಫಿನ್ ಅಂದ. ನಂಗೆ ಕಣ್ಣಲ್ಲಿ ನೀರು, ಎಂತದೂ ಕಾಣ್ಲಿಲ್ಲ. ಸುಮ್ನೆ ಕಂಡೆ ಅಂದೆ." ಚಹಾದ ಲೋಟ ಕುಡಿಯದೆ ಹಾಗೇ ಹಿಡಿದು ನನ್ನ ಕಡೆ ತಿರುಗಿದರು. "ಅವತ್ತಿಂದ ಒಂದೇ ಯೋಚ್ನೆ. ಅಲ್ಲಿ ಡಾಲ್ಫಿನ್ ಇಲ್ದೇ ಇದ್ರೆ, ಅವ್ನೂ ಮೀನು ನೋಡಿದ್ದ ಅಂತಾಯ್ತು. ನೀವು ಹೇಳಿ. ಡಾಲ್ಫಿನ್ ಇತ್ತಾ?"

"ಇತ್ತು ನಾಗಪ್ಪಣ್ಣ," ಎಂದೆ. "ಎರಡಿದ್ವು."

ಅವರು ಉಸಿರು ಬಿಟ್ಟು, ತಣ್ಣಗಾದ ಚಹಾ ಪೂರ್ತಿ ಕುಡಿದರು. ಕಂಡಕ್ಟರ್ ಸೀಟಿ ಊದಿದ, ನಾಗಪ್ಪಣ್ಣ ಹೋಗಿ ಸ್ಟಿಯರಿಂಗ್ ಹಿಡಿದರು.

ಕಂಡದ್ದನ್ನು ಕಂಡ ಹಾಗೆ ಹೇಳಬೇಕೆಂದು ನೀರಿನ ಕೆಲಸ ನನಗೆ ಮೊದಲ ದಿನವೇ ಕಲಿಸಿತ್ತು. ಗಾಳಿಯ ವಿಷಯದಲ್ಲಿ, ಬಂಡೆಯ ವಿಷಯದಲ್ಲಿ ತಂಡೇಲ ಸುಳ್ಳಾಡಿದರೆ ಬೋಟಿನಲ್ಲಿದ್ದವರ ಜೀವ ಹೋಗುತ್ತದೆ. ಒಬ್ಬರ ಜೀವ ಉಳಿಯಬೇಕಾದರೆ ಅವನು ಸುಳ್ಳಾಡಲೂ ಬೇಕಾಗುತ್ತದೆಂದು ಕಲಿಯಲು ನಾನು ದಡಕ್ಕೆ ಬರಬೇಕಾಯಿತು. ನಾಗಪ್ಪಣ್ಣ ಹೋದ ವರ್ಷ ತೀರಿಕೊಂಡರು. ಅವರಿದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.