ಬರೆದು ಕೊಟ್ಟರೆ ತೆಗೆಯುವ ಬೀಗ

ಹಿತ್ತಾಳೆಯನ್ನು ಅರದಿಂದ ಉಜ್ಜುವ ವಾಸನೆ ಬಂದರೆ ನನ್ನ ಮಟ್ಟಿಗೆ ಗಂಟೆ ಮಧ್ಯಾಹ್ನ ಮೂರು ಹತ್ತು. ಹೋದ ವಾರ ದಿಂಡಿಗಲ್ಲಿನ ಒಂದು ಓಣಿಯಲ್ಲಿ ಆ ವಾಸನೆ ಎದುರಾಯಿತು. ಬಸ್ಸಿಗೆ ಹೊತ್ತಾಗಿದ್ದರೂ ನಿಂತುಬಿಟ್ಟೆ. ಪೂಟ್ಟು ಮಾಮ ನೆನಪಾದರು...

ತಮಿಳುನಾಡಿನಲ್ಲೇ ನೆಲೆಸಿದ ನಮ್ಮ ಮನೆಗಳ ಕನ್ನಡದಲ್ಲಿ ಬೀಗಕ್ಕೆ ಪೂಟ್ಟು ಎಂಬ ತಮಿಳು ಮಾತೇ ನಿಂತಿದೆ. ಮಾಮ ಬೀಗಗಳಿಗೆ ಹೆಸರಾದ ದಿಂಡಿಗಲ್ಲಿನಲ್ಲಿ ಕೆಲಸ ಕಲಿತು, ಬತ್ತಲಗುಂಡಿನ ಹತ್ತಿರದ ನಮ್ಮೂರಲ್ಲಿ ಬೀಗ ರಿಪೇರಿ ಮಾಡುತ್ತಿದ್ದರು. ಬೀಗದ ಒಡೆಯ ಎದುರು ನಿಂತು ಹೇಳಬೇಕು, ಇಲ್ಲವೇ ಅಧಿಕಾರವಿದ್ದವರು ಬರೆದು ಕೊಡಬೇಕು. ಎರಡೂ ಇಲ್ಲದಿದ್ದರೆ ಅವರು ಯಾರ ಬೀಗವನ್ನೂ ಮುಟ್ಟುತ್ತಿರಲಿಲ್ಲ.

ನಾನು ಡಿಗ್ರಿ ಮುಗಿಸಿ ಊರಿನ ರೇಷನ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಆ ದಿನ ಮೂರು ಹತ್ತಕ್ಕೆ, ಎದುರಿನ ಮಾಮನ ಅಂಗಡಿಯಿಂದ ಹಿತ್ತಾಳೆ ಉಜ್ಜುವ ವಾಸನೆ ಬರುತ್ತಿದ್ದಾಗ, ಹೊದಿಕೆ ಮಾರುವ ಹೊರರಾಜ್ಯದವನೊಬ್ಬ ಹಣೆಯಲ್ಲಿ ರಕ್ತ ಸುರಿಸುತ್ತ ಒಳಗೆ ಓಡಿಬಂದ. ಮಗುವೊಂದರ ಕೈಹಿಡಿದು ರಸ್ತೆ ದಾಟಿಸಿದ್ದನಂತೆ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಎರಡು ದಿನದಿಂದ ಎಲ್ಲರ ಫೋನುಗಳಲ್ಲಿ ಓಡಾಡುತ್ತಿತ್ತು. ಹಿಂದೆಯೇ ಜನ. ಅವನನ್ನು ಗೋಡೌನಿಗೆ ನೂಕಿ ಕಬ್ಬಿಣದ ಬಾಗಿಲಿಗೆ ಬೀಗ ಹಾಕಿದೆ. ಕೀಲಿಕೈಯನ್ನು ಹಿಂದಿನ ಕಿಟಕಿಯಿಂದ ಕಾಲುವೆಗೆ ಎಸೆದು, ಪೊಲೀಸರಿಗೆ ಫೋನ್ ಮಾಡಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

ನನ್ನನ್ನು ಪಕ್ಕಕ್ಕೆ ಎಳೆದರು. ಹಾರೆಗೆ ಬಾಗಿಲು ಬಗ್ಗಲಿಲ್ಲ. ಯಾರೋ ಮಾಮನನ್ನು ಕರೆತಂದರು. ಅವರು ಬೀಗವನ್ನು ಅಂಗೈಯಲ್ಲಿ ಇಟ್ಟು ನೋಡಿದರು.

"ಇದು ಯಾರ ಪೂಟ್ಟು?"

"ಸರ್ಕಾರದ್ದು. ಪೊಲೀಸ್ ಬರೋ ಮುಂಚೆ ತೆಗಿ ಮಾಮ," ಎಂದ ಹಾರೆ ಹಿಡಿದಿದ್ದವನು. ಅವನು ನನ್ನ ದೊಡ್ಡಪ್ಪನ ಮಗ.

"ಹಂಗಾದ್ರೆ ಸರ್ಕಾರದೋರು ಬರ್ಲಿ ಮಾಪ್ಳೆ."

"ನಿನ್ ಮೊಮ್ಮಗೂನ ಎತ್ಕಂಡ್ ಹೋಗಿದ್ರೂ ಹಿಂಗೇ ಹೇಳ್ತಿದ್ಯಾ?"

ಹಾರೆ ಮಾಮನ ಕಿವಿಯ ಪಕ್ಕದಲ್ಲೇ ಇತ್ತು. ಅವರು ಬೀಗವನ್ನು ಕೈಬಿಟ್ಟು ಅವನ ಕಡೆಗೆ ತಿರುಗಿದರು.

"ನೀನು ತಿರುಪ್ಪೂರಲ್ಲಿದ್ದಾಗ ನಿನ್ ತಮ್ಮ ಬಂದು ನಿನ್ ಬೀರು ತೆಗಿ ಅಂದ. ನಾನ್ ತಗ್ದ್ನಾ? ಆಗ ನಾನು ಒಳ್ಳೇವ್ನು. ನಿನ್ಗೊಂದು, ಒಳಗಿರೋನಿಗೊಂದು ನ್ಯಾಯ ನನ್ ಹತ್ರ ಇಲ್ಲ ಡಾ."

ಹಿಂದಿನಿಂದ ಒಬ್ಬ ಹೆಂಗಸು, "ಅದು ನಿಜ. ನನ್ ಗಂಡನ ಪೆಟ್ಟಿ ತೆಗಿ ಅಂತ ನಾನೂ ಕಾಲ್ ಹಿಡ್ದಿದ್ದೆ. ತೆಗೀಲಿಲ್ಲ ಮನುಷ್ಯ," ಎಂದಳು. ಒಂದಿಬ್ಬರು ನಕ್ಕರು. ಹಾರೆ ಕೆಳಗಿಳಿಯಲಿಲ್ಲ, ಮೇಲಕ್ಕೂ ಏಳಲಿಲ್ಲ. ಹಾಗೆ ಎಷ್ಟು ಹೊತ್ತೋ...

ಕೊನೆಗೆ ಬಂದ ಸಬ್ ಇನ್ಸ್‌ಪೆಕ್ಟರ್ ಬೀಗ ತೆಗೆಯಲು ಹೇಳಿದರು. ಬರೆದು ಕೊಡಿ ಸಾರ್ ಎಂದು ಮಾಮ ಅವರಿಗೂ ತಮಿಳಿನಲ್ಲಿ ಕೈಮುಗಿದು ಕೇಳಿದರು. ಅಧಿಕಾರಿಯ ಮುಖ ಬಿಗಿಯಾಯಿತು. ಆಮೇಲೆ ನನ್ನಿಂದ ಒಂದು ಹಾಳೆ ಪಡೆದು, ನನ್ನನ್ನೂ ಒಳಗಿದ್ದವನನ್ನೂ ಕೇಳಿ, ಯಾರನ್ನು, ಎಷ್ಟು ಹೊತ್ತಿಗೆ, ಯಾವ ಗಾಯಗಳೊಂದಿಗೆ ವಶಕ್ಕೆ ತೆಗೆದುಕೊಳ್ಳುತ್ತಿದ್ದೇವೆಂದು ಬರೆದು ಸಹಿ ಹಾಕಿದರು. ಬೀಗ ಎರಡೇ ನಿಮಿಷದಲ್ಲಿ ತೆರೆಯಿತು.

ಕಾನೂನಿನ ಆಳ್ವಿಕೆ ಕುರಿತು ಕಾಲೇಜಿನಲ್ಲಿ ಎರಡು ಪುಟ ಉತ್ತರ ಬರೆದಿದ್ದೆ. ಆದರೂ ಒಳ್ಳೆಯ ಆಡಳಿತಕ್ಕೆ ಒಳ್ಳೆಯ ಅಧಿಕಾರಿ ಸಾಕು ಎಂದೇ ನಂಬಿದ್ದೆ. ಅಧಿಕಾರಿಯೂ ಸಹಿ ಹಾಕಬೇಕಾದ ನಿಯಮ ಇರಬೇಕು, ಅದನ್ನು ಕೇಳುವವನೊಬ್ಬ ಇರಬೇಕು ಎಂಬುದು ಆ ಬಾಗಿಲಲ್ಲಿ ತಿಳಿಯಿತು.

ಆತ ತಪ್ಪು ಮಾಡಿಲ್ಲವೆಂದು ತಿಳಿದು ಬಿಟ್ಟರು. ಹೊಡೆದವರ ಮೇಲೆ ಕೇಸಾಯಿತು. ನನಗೆ ಮಾತ್ರ ಕಣ್ಣು ಮುಚ್ಚಿದರೆ ಕಬ್ಬಿಣಕ್ಕೆ ಹಾರೆ ಬಡಿಯುವ ಸದ್ದು. ಅವರಲ್ಲೊಬ್ಬನಾದ ದೊಡ್ಡಪ್ಪನ ಮಗನ ವಿರುದ್ಧ ಸಾಕ್ಷಿ ಹೇಳುವುದೂ ಇತ್ತು. ಕೋರ್ಟಿಗೆ ಮಾಮ ಜೊತೆಗೆ ಬಂದರು.

"ಕಂಡದ್ದನ್ನ ಹೇಳು ತಾಯಿ. ಕಾಣದ್ದನ್ನ ಸೇರಿಸ್ಬೇಡ. ಅವ್ನಿಗೂ ನ್ಯಾಯ ಬೇಕಲ್ಲ."

ಹಾರೆ ಅವನ ಕೈಯಲ್ಲಿತ್ತು, ಮನುಷ್ಯರ ಮೇಲೆ ಅವನು ಅದನ್ನು ಬೀಸಲಿಲ್ಲ ಎಂದೆ. ಎರಡೂ ನಿಜ.

ಮಾಮ ತೀರಿಕೊಂಡು ಎರಡು ವರ್ಷ. ಅವರ ಅಂಗಡಿಯಲ್ಲಿ ಈಗ ಫೋನ್ ರೀಚಾರ್ಜ್ ಮಾಡುತ್ತಾರೆ. ಸಾಕ್ಷಿ ಹೇಳಿ ಬಂದ ಶುಕ್ರವಾರದ ರಾತ್ರಿ ನಾನು ಹಾರೆಯ ಸದ್ದು ಕೇಳದೆ ಬೆಳಕು ಹರಿಯುವವರೆಗೆ ಒಂದೇ ನಿದ್ದೆ ಮಾಡಿದೆನೆಂದು ಅವರಿಗೆ ಹೇಳಬೇಕೆಂದಿದ್ದೆ. ಹೇಳಲೇ ಇಲ್ಲ...