ಬಸ್ಸಿನಲ್ಲಿ ಹುಳ ತಂದ ಭಾವ

ನಮ್ಮ ಭಾವ ಬಲಗೈ ಹೆಬ್ಬೆರಳಿನ ಉಗುರನ್ನು ಕತ್ತರಿಸುತ್ತಿರಲಿಲ್ಲ. ಹಳದಿಗಟ್ಟಿದ ಆ ಉದ್ದನೆಯ ಉಗುರು ಸಾರನ್ನದಲ್ಲಿ ಮುಳುಗುವುದನ್ನು ಕಂಡರೆ ಅಕ್ಕ ಮುಖ ತಿರುಗಿಸುತ್ತಿದ್ದಳು. ಭತ್ತದ ಹೂವನ್ನು ಬಿಡಿಸಿ, ಒಳಗಿನ ಕೇಸರಗಳನ್ನು ಕಿತ್ತು, ಬೇರೆ ತಳಿಯ ಪರಾಗ ಉದುರಿಸಿ ಕಾಗದದ ಚೀಲ ಕಟ್ಟಲು ಅವರಿಗೆ ಅದು ಬೇಕಿತ್ತು. ಇಕ್ಕಳ ಇಲ್ಲದೆ ಇರಲಿಲ್ಲ. "ಇಕ್ಕಳಕ್ಕೆ ಹೂವು ನಲುಗಿದ್ದು ಗೊತ್ತಾಗೋಲ್ಲ ಕಣಯ್ಯ" ಎನ್ನುತ್ತಿದ್ದರು.

ಸರ್ಕಾರಿ ಫಾರಂನಲ್ಲಿ ಕೆಲವು ವರ್ಷ ಇದ್ದು, ಮೇಲಿನವರೊಡನೆ ಜಗಳವಾಡಿ ಹೊಳೆನರಸೀಪುರಕ್ಕೆ ಮರಳಿದವರು ಅವರು. ಮೇಲಿನವರಿಗೆ ಹೆಚ್ಚು ಕಾಳು ಕಟ್ಟುವ ಭತ್ತ ಬೇಕಿತ್ತು, ಇವರಿಗೆ ಹುಳ ಮುಟ್ಟದ ಭತ್ತ. ನಮ್ಮ ಕಡೆ ಮೋಡ ಮುಚ್ಚಿದ ದಿನಗಳಲ್ಲಿ ಸೊಳ್ಳೆಯಂಥ ನೊಣವೊಂದು ಪೈರಿಗೆ ಬೀಳುತ್ತಿತ್ತು. ಅದರ ಮರಿ ಒಳಹೊಕ್ಕರೆ ಸುಳಿ ಈರುಳ್ಳಿ ಎಲೆಯ ಹಾಗೆ ಕೊಳವೆಯಾಗಿ ಬೆಳೆಯುತ್ತಿತ್ತು, ತೆನೆ ಬರುತ್ತಿರಲಿಲ್ಲ. ಒರಟು ಕೆಂಪಕ್ಕಿಯ ಒಂದು ತಳಿಗೆ ಮಾತ್ರ ಆ ಕಾಟವಿರಲಿಲ್ಲ. ಅದರ ಗುಣವನ್ನು ನಮ್ಮ ಸಣ್ಣಕ್ಕಿಗೆ ತರುವುದು ಭಾವನವರ ಹಟ.

"ಬೂದಿ ಎರಚಿದ್ರೆ ಆ ಹೊತ್ತಿಗಾಯ್ತು. ಗುಣ ಗಿಡದ ರಕ್ತದಲ್ಲೇ ಇದ್ರೆ ಅದರ ಮಕ್ಕಳು ಮೊಮ್ಮಕ್ಕಳಿಗೂ ಬರ್ತದೆ."

ಮಾತು ಚೆನ್ನಾಗಿತ್ತು. ಆದರೆ ನಮ್ಮ ಕೂಡುಮನೆಯ ಬೇಸಾಯ ನೋಡಿಕೊಳ್ಳುತ್ತಿದ್ದವನು ನಾನು. ಕಾಲುವೆಯ ಪಕ್ಕದ ಒಳ್ಳೆಯ ತಾಕನ್ನೇ ಅವರು ಹಿಡಿದು ಕೂತಿದ್ದರು. ಅಲ್ಲಿ ಹುಳ ಬಿದ್ದರೆ ಬೂದಿ ಹಾಕುವಂತಿಲ್ಲ, ಕೊಳವೆ ಕೀಳುವಂತಿಲ್ಲ. ಆಳುಗಳು ನನ್ನ ಮುಖ ನೋಡುವರು, ನಾನು ಆಕಾಶ ನೋಡುವೆನು.

ಯುದ್ಧದ ಕಾಲದ ಒಂದು ಮಳೆಗಾಲದಲ್ಲಿ ಬಿಸಿಲು ಹೊಡೆದು ನೊಣವೇ ಬರಲಿಲ್ಲ. ಪಡಿತರದ ಅಕ್ಕಿಗೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದ ಆ ವರ್ಷ ಊರೆಲ್ಲ ದೇವರಿಗೆ ಕೈಮುಗಿದರೆ, ಭಾವ ಸೂತಕದ ಮನೆಯವರಂತೆ ಕೂತರು. ಹುಳ ಬೀಳದಿದ್ದರೆ ಯಾವ ಗಿಡ ತಡೆಯುತ್ತದೆಂದು ತಿಳಿಯುವುದು ಹೇಗೆ? ಒಂದು ಬೆಳಿಗ್ಗೆ ಹೊರಟೇಬಿಟ್ಟರು. ಅರಕಲಗೂಡಿನ ಆಚೆ ಎಲ್ಲೋ ರೋಗ ಬಿದ್ದ ಗದ್ದೆ ಹುಡುಕಿ, ಕೊಳವೆ ಬಂದ ಪೈರನ್ನು ಬೇರುಸಮೇತ ಒದ್ದೆ ಗೋಣಿಯಲ್ಲಿ ಕಟ್ಟಿ, ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿದರು.

"ಮೂಟೇಲಿ ಏನದೆ ಸಾ?" ಎಂದು ಕಂಡಕ್ಟರ್ ಕೇಳಿದನಂತೆ.

"ಹುಳ."

ಸುಳ್ಳು ಹೇಳುವುದನ್ನಾದರೂ ಕಲಿಯಬಾರದಿತ್ತೇ! ಸುದ್ದಿ ಅವರಿಗಿಂತ ಮೊದಲು ಊರು ಸೇರಿತು. ಭಾವ ಆ ಪೈರನ್ನು ತಾಕಿನ ನಡುವೆ ನೆಟ್ಟಾಗ ಊರವರು ಸಿಟ್ಟಾದರೂ ಯಾರೂ ತಡೆಯಲಿಲ್ಲ. ಮೂಟೆಯ ಪೈರಿನಿಂದ ಏನಾದೀತು ಎಂದುಕೊಂಡರು. ಆದರೆ ನಮ್ಮ ತಾಕು ಕೊಳವೆಯಾಯಿತು, ಅದರ ಹಿಂದೆಯೇ ಪಕ್ಕದ ಗೌಡರ ಗದ್ದೆಯೂ. ಗೌಡರು ನಮ್ಮ ಜಗಲಿಗೆ ಬಂದು ನಿಂತರು.

"ಊರೋರೆಲ್ಲ ಹುಳ ಓಡಿಸ್ತಾರೆ. ನೀವು ಬಸ್ನಾಗೆ ಕೂರಿಸ್ಕಂಡು ಬಂದ್ರಲ್ಲಾ ಸಾ! ನನ್ನ ಮಕ್ಕಳು ಏನ್ ತಿನ್ನಾದು?"

ಭಾವ ವಾದ ಮಾಡಲಿಲ್ಲ. "ತಪ್ಪಾಯ್ತು ಗೌಡ್ರೇ. ಹೊಳೆ ಕಡೆ ನಮ್ಮ ಗದ್ದೆ ಚೆನ್ನಾಗಿದೆ. ಈ ಸಲದ ಕೊಯ್ಲು ನಿಮ್ಮದು" ಎಂದರು. ನನ್ನನ್ನು ಕೇಳಲಿಲ್ಲ, ಅಕ್ಕನನ್ನೂ ಕೇಳಲಿಲ್ಲ. ಗೌಡರು ಕೊಯ್ದುಕೊಂಡರು. ಆದರೆ ಅಲ್ಲಿಂದಾಚೆಗೆ ನಮ್ಮ ಬದುವನ್ನು ತುಳಿಯಲಿಲ್ಲ, ಭಾವನೊಡನೆ ಮಾತೂ ಆಡಲಿಲ್ಲ.

ಮುಂದಿನ ಕೊಯ್ಲಿನವರೆಗೆ ನಮ್ಮ ಊಟಕ್ಕೆ ಪಡಿತರದ ಜೊತೆ ಆ ಒರಟು ಕೆಂಪಕ್ಕಿಯೇ ಗತಿ. ಬೆಂದರೂ ಗಂಟಲಿಗೆ ಇಳಿಯದ ಅನ್ನ. "ಹುಳಕ್ಕೇ ಬ್ಯಾಡವಾದ್ದು ನಮಗೆ" ಎಂದು ಅಕ್ಕ ತಟ್ಟೆ ಕುಕ್ಕುತ್ತಿದ್ದಳು. ಭಾವನ ಕಣ್ಣಿಗೆ ಕಂಡದ್ದು ಮಾತ್ರ ಬೇರೆ: ಹಾಳಾದ ತಾಕಿನ ನಡುವೆ ಒಂದೂ ಕೊಳವೆಯಿಲ್ಲದೆ ನಿಂತಿದ್ದ, ಅವರು ಬೆರೆಸಿದ ತಳಿಯ ಕೆಲವು ಬುಡಗಳು. "ಬಂದ್ವು ಕಣಯ್ಯ, ಬಂದ್ವು" ಎಂದು ಕೆಸರಲ್ಲೇ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ನನಗೆ ಅವರನ್ನು ಅಲ್ಲೇ ನೂಕಿಬಿಡುವಷ್ಟು ಕೋಪ.

ಆ ಬೀಜವನ್ನು ಅವರು ಬಿತ್ತಲಿಲ್ಲ. ಮುಂದಿನ ನಾಟಿಯ ಮುನ್ನ ಚಳಿಜ್ವರ ಬಂದು ತೀರಿಕೊಂಡರು. ಕರ್ಮವೆಲ್ಲ ಮುಗಿದ ಮೇಲೆ ಅಕ್ಕ ಆ ಬುಡಗಳಿಂದ ತೆಗೆದಿಟ್ಟಿದ್ದ ತೆನೆಗಳನ್ನು ತಂದು ನನ್ನ ಮುಂದಿಟ್ಟಳು. "ನಂಗೇನೂ ಇದರ ಮೇಲೆ ಪ್ರೀತಿ ಇಲ್ಲ. ಆದ್ರೂ ಒಲೆಗೆ ಹಾಕಕ್ಕೆ ಕೈ ಬರಲ್ಲ ಕಣೋ. ಬಿತ್ತು."

ಗೊಣಗಿಕೊಂಡೇ ಬಿತ್ತಿದೆ. ಆ ಗಿಡಗಳ ಮಕ್ಕಳಲ್ಲಿ ಕೆಲವಕ್ಕೆ ಹುಳ ತಾಗಿತು, ಕೆಲವಕ್ಕೆ ಕೆಂಪಕ್ಕಿ ಬಂತು. ಆರಿಸಿದೆ, ಮತ್ತೆ ಬಿತ್ತಿದೆ, ಮತ್ತೆ ಆರಿಸಿದೆ. ಪ್ರತಿ ವರ್ಷವೂ ಇದೇ ಕೊನೆ ಎಂದುಕೊಳ್ಳುತ್ತಿದ್ದೆ. ಹುಳ ತಾಗದ, ಅಕ್ಕಿಯೂ ಬೆಳ್ಳಗೆ ಬಂದ ಸಾಲು ಕೊನೆಗೊಮ್ಮೆ ಸಿಕ್ಕಿತು. ಆಮೇಲೆ ವಾರಗಟ್ಟಲೆ ಮೋಡ ಕವಿದ ಒಂದು ಮಳೆಗಾಲ ಬಂದು ಊರ ಗದ್ದೆಗಳೆಲ್ಲ ಕೊಳವೆಯಾದವು. ನಮ್ಮ ತಾಕು ತೆನೆ ಬಾಗಿಸಿ ನಿಂತಿತು.

ಕೊಯ್ಲಾದ ಮೇಲೆ ಗೌಡರು ಹೆಗಲ ಟವೆಲ್ಲನ್ನು ಕೈಯಲ್ಲಿ ಹಿಡಿದು ಬಂದರು. "ಒಸಿ ಬಿತ್ತನೆ ಕೊಡೀ ತಾಯಿ. ಸಾ ಇದ್ದಿದ್ರೆ ಕೈಮುಗೀತಿದ್ದೆ."

"ಇದ್ದಾಗ ಒಂದ್ ಮಾತಾಡ್ಸಿದ್ರೆ ಸಾಕಿತ್ತು ಗೌಡ್ರೇ" ಎಂದಳು ಅಕ್ಕ. ಬೈಯುತ್ತಲೇ ಮೊರದಲ್ಲಿ ಭತ್ತ ತುಂಬಿ ತಂದು, ಅವರು ಹಾಸಿದ ಟವೆಲ್ಲಿಗೆ ಸುರಿದಳು. ಗೌಡರು ಸಾಕು ಸಾಕು ಎಂದರೂ ನಿಲ್ಲಿಸದೆ, ಗಂಟು ಕಟ್ಟಲು ಅಂಚೇ ಸಿಗದಷ್ಟು ಸುರಿದಳು.