ಛತ್ರಿ ಹಿಡಿದ ಅಳಿಲಿನ ಅಂಗಿಗಳು

ಕಾರ್ಟೂನ್ ಇರುವ ಬಟ್ಟೆಯನ್ನು ಸಣ್ಣ ಮಕ್ಕಳ ಅಳತೆಗೆ ಮಾತ್ರ ಹೊಲಿಯಬೇಕೆಂದು ಯಾವ ಪುಣ್ಯಾತ್ಮ ತೀರ್ಮಾನ ಮಾಡಿದನೋ, ಅವನು ಕೈಗೆ ಸಿಕ್ಕಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ. ನನ್ನ ತಂಗಿಗೆ ಇಪ್ಪತ್ತು ದಾಟಿತ್ತು. ಮೈ ದೊಡ್ಡ ಹೆಣ್ಣಿನದು, ಮನಸ್ಸು ಒಂದನೇ ಕ್ಲಾಸಿನ ಮಗುವಿನದು. ಅವಳಿಗೆ ಬೇಕಾಗಿದ್ದದ್ದು ಟಿವಿಯಲ್ಲಿ ಬರುವ ಒಂದು ಅಳಿಲು, ಯಾವಾಗಲೂ ಛತ್ರಿ ಹಿಡಿದುಕೊಂಡೇ ಓಡಾಡುವ ಅಳಿಲು. ಅದು ಎದೆಯ ಮೇಲಿದ್ದರೆ ಬಟ್ಟೆ, ಇಲ್ಲದಿದ್ದರೆ ಅದು ಬಟ್ಟೆಯೇ ಅಲ್ಲ. ನಂಜನಗೂಡಿನ ಬಜಾರಿನಲ್ಲಿ ಅಳಿಲಿನ ಅಂಗಿ ಬೇಕಾದಷ್ಟು ಸಿಗುತ್ತಿತ್ತು, ಆದರೆ ಎಲ್ಲ ಅಂಗನವಾಡಿಗೆ ಹೋಗುವವರ ಅಳತೆ. ಅಂಗಡಿಯವನು "ಎಷ್ಟ್ ವರ್ಸದ ಮಗೀಗಕ್ಕ?" ಎಂದು ಕೇಳಿದರೆ, "ನೀನ್ ಕೊಡಪ್ಪ, ಅಳತೆ ನಾನ್ ನೋಡ್ಕತೀನಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ.

ನಾನು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗೆ ಹೋಗುತ್ತೇನೆ, ಮನೆಯಲ್ಲೂ ಒಂದು ಮೆಷಿನ್ ಇದೆ. ಮಗುವಿನ ಅಂಗಿಯಿಂದ ಅಳಿಲನ್ನು ಅಂಚು ಬಿಟ್ಟು ಕತ್ತರಿಸಿ, ತಂಗಿಯ ಅಳತೆಗೆ ಹೊಲಿದ ಟಾಪಿನ ಎದೆಗೆ ಕೂರಿಸುತ್ತಿದ್ದೆ. ಮೊದಲನೇ ಸಲ ಬುದ್ಧಿಯಿಲ್ಲದೆ ಮುಂದುಗಡೆ ಗುಂಡಿ ಇಟ್ಟುಬಿಟ್ಟೆ. ಗುಂಡಿ ಬಿಚ್ಚಿದರೆ ಅಳಿಲಿನ ಮುಖ ಎರಡು ಹೋಳು! ತಂಗಿ ಅದನ್ನು ನೋಡಿ ಅತ್ತ ಅಳುವಿಗೆ ತುಟಿ ನೀಲಿಯಾಗಿ, ಅವ್ವ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಬೆನ್ನು ನೀವುತ್ತಾ ಕೂರಬೇಕಾಯಿತು. ಆಮೇಲೆ ಭುಜದ ಮೇಲೆ ಪ್ರೆಸ್ ಬಟನ್ ಇಡುವುದನ್ನು ಕಲಿತೆ. ಉಸಿರು ಕಟ್ಟಿದಾಗ ಅವಳಿಗೆ ಕೈ ಎತ್ತಲು ಆಗುತ್ತಿರಲಿಲ್ಲ. ಭುಜದಲ್ಲಿ ಟಿಕ್ ಟಿಕ್ ಎಂದು ಬಿಚ್ಚಿದರೆ ಅಂಗಿ ತಾನಾಗಿ ಕೆಳಗಿಳಿಯುತ್ತಿತ್ತು.

ಅವಳ ಎದೆಯಲ್ಲಿ ಹುಟ್ಟುವಾಗಲೇ ತೂತಿತ್ತು. ನಮಗೆ ಗೊತ್ತಾಗುವ ಹೊತ್ತಿಗೆ ಆಪರೇಷನ್ನಿನ ಕಾಲ ಮೀರಿತ್ತು. ಮೈಸೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, "ಓಡಿಸಬೇಡಿ, ಅಳಿಸಬೇಡಿ, ಥಂಡಿ ಹಿಡಿಯದಂತೆ ನೋಡಿಕೊಳ್ಳಿ" ಎಂದಿದ್ದರು. ಅಪ್ಪ ತೀರಿಕೊಂಡಿದ್ದ. ಅವ್ವ, ನಾನು ಇಬ್ಬರೇ ಸೇರಿ ಇಪ್ಪತ್ತು ದಾಟಿದ ಮಗುವನ್ನು ಅಳಿಸದೆ ಸಾಕಬೇಕಿತ್ತು. ಬಟ್ಟೆ ನಮಗೆ ಷೋಕಿಯಾಗಿರಲಿಲ್ಲ, ಅರ್ಧ ಔಷಧಿ ಅದೇ ಆಗಿತ್ತು.

ಬೇಸಿಗೆಗೆ ಹಳದಿ. ರಬ್ಬರಿನಂತೆ ದಪ್ಪಗಿರುವ ಪ್ರಿಂಟ್ ಬೇಸಿಗೆಗೆ ಆಗದು, ಒಳಗೆ ಬೆವರು ಕಟ್ಟಿ ಎದೆಯೆಲ್ಲ ಗುಳ್ಳೆ ಏಳುತ್ತದೆ. ಅಂಗಡಿಯಲ್ಲೇ ಹೆಬ್ಬೆರಳಲ್ಲಿ ಉಜ್ಜಿ, ಎಳೆದು, ಬಣ್ಣ ನೂಲಿಗೆ ಇಳಿದಿದೆಯೋ ಮೇಲೆ ಅಂಟಿಕೊಂಡಿದೆಯೋ ನೋಡುತ್ತಿದ್ದೆ. ಹಾಗೂ ದಪ್ಪನೆಯದೇ ಸಿಕ್ಕರೆ ಒಳಗೆ ಅಪ್ಪನ ಹಳೆಯ ಪಂಚೆಯ ತುಂಡನ್ನು ಹಾಕಿ ಹೊಲಿಯುತ್ತಿದ್ದೆ. ಮಳೆಗಾಲಕ್ಕೆ ಕಡು ನೀಲಿ, ತುಂಬುತೋಳು, ಕೆಸರು ಸಿಡಿದರೂ ಕಾಣಬಾರದು. ಮೇಲೆ ಜರ್ಕಿನ್. ಜರ್ಕಿನ್ನಿನ ಜಿಪ್ಪನ್ನು ಅವಳು ಪೂರ್ತಿ ಎಳೆಯಲು ಬಿಡುತ್ತಿರಲಿಲ್ಲ, ಅಳಿಲಿಗೆ ಉಸಿರಾಡಲು ಜಾಗ ಬೇಕಂತೆ. ಚಳಿಗೆ ಕೆಂಪು ಸ್ವೆಟರ್. ಉಣ್ಣೆ ಕೆರೆಯುತ್ತದೆಂದು ಒಳಗೊಂದು ಬನಿಯನ್. ಕುತ್ತಿಗೆ ಬಿಗಿಯಿರಬಾರದು. ಟಿವಿಯ ಅಳಿಲು ಸ್ವೆಟರ್ ಹಾಕುವವರೆಗೆ ಇವಳೂ ಮುಟ್ಟಳು. ಕಾರ್ತಿಕದ ಇಬ್ಬನಿಯಲ್ಲಿ ಗಡಗಡ ನಡುಗುತ್ತಾ "ಅದಿನ್ನೂ ಆಕಿಲ್ಲ ಕಣಕ್ಕ" ಎನ್ನುತ್ತಿದ್ದಳು. ನಾನು ಮೊಬೈಲಿನಲ್ಲಿ ಅಳಿಲು ಸ್ವೆಟರ್ ಹಾಕಿಕೊಂಡ ಹಳೆಯ ಕಂತು ಹುಡುಕಿ ತೋರಿಸಿ ಒಪ್ಪಿಸುತ್ತಿದ್ದೆ.

ಅವ್ವನಿಗೆ ಇದೆಲ್ಲ ನಾಚಿಕೆ. "ಮೈ ನೆರ್ದ ಎಣ್ಣು, ಎದೆ ಮ್ಯಾಲೆ ಅಳಿಲು ಇಟ್ಕಂಡು ಬೀದೀಲಿ ಓದ್ರೆ ನೋಡ್ದೋರು ಏನಂದಾರು?" ಎಂದು ಗೊಣಗುತ್ತಿದ್ದಳು. ಕೊನೆಗೆ ನಮ್ಮಿಬ್ಬರಿಗೂ ರಾಜಿಯಾಯಿತು: ಮೇಲೆ ವೇಲು ಹಾಕುವುದು, ಆದರೆ ಅಳಿಲಿನ ಮುಖ ಕಾಣುವಂತೆ ಎರಡೂ ಕಡೆ ಪಿನ್ ಮಾಡುವುದು. ಬಸ್ ಸ್ಟ್ಯಾಂಡಿನಲ್ಲಿ ಕಿಸಕಿಸ ಎನ್ನುವವರು ಇದ್ದೇ ಇರುತ್ತಿದ್ದರು. "ಏನ್ ಅಂಗ್ ನೋಡ್ತೀರಾ? ನಿಮ್ಮನೇಲಿ ಟಿವಿ ಇಲ್ವಾ?" ಎಂದು ಗದರಿದರೆ ಮುಖ ಆ ಕಡೆ ತಿರುಗಿಸುತ್ತಿದ್ದರು. ತಂಗಿ ಮಾತ್ರ, "ನೋಡ್ಲಿ ಬುಡಕ್ಕ, ಅವರ್ಗೂ ಇಷ್ಟ" ಎನ್ನುತ್ತಿದ್ದಳು.

ಇನ್ನು ಒಗೆಯುವುದು. ಆ ಅಳಿಲಿಗೆ ನೀರೆಂದರೆ ಭಯ. ಅದಕ್ಕೇ ಅದು ಬಿಸಿಲಲ್ಲೂ ಛತ್ರಿ ಹಿಡಿಯುವುದು, ಕಾರ್ಟೂನಿನ ತಮಾಷೆಯೇ ಅದು. ತಂಗಿಗೆ ಅದು ತಮಾಷೆಯಾಗಿರಲಿಲ್ಲ. ನಾನು ಬಕೆಟ್ಟಿಗೆ ಅಂಗಿ ಹಾಕಿದರೆ ಬಚ್ಚಲ ಬಾಗಿಲಲ್ಲಿ ನಿಂತು ತುಟಿ ನಡುಗಿಸುತ್ತಿದ್ದಳು. ಪ್ರಿಂಟ್ ಬಿರಿಯದಿರಲೆಂದು ಇಂಥ ಬಟ್ಟೆಯನ್ನು ಹೇಗೂ ಒಳಗು ಹೊರಗು ಮಾಡಿಯೇ ಒಗೆಯಬೇಕು. "ನೋಡು, ಮುಖ ಒಳ್ಗಡೆ ಐತೆ, ಅದಕ್ಕೆ ನೀರೇ ಕಾಣಲ್ಲ" ಎಂದು ತಿರುಗಿಸಿ ತೋರಿಸಿದೆ. ಅಂದಿನಿಂದ ಆ ಕೆಲಸ ಅವಳದೇ. ಒಗೆಯುವ ಮುಂಚೆ ಒಂದೊಂದೇ ಅಂಗಿಯನ್ನು ತಾನೇ ಜೋಪಾನವಾಗಿ ತಿರುಗಿಸಿ ಕೊಡುತ್ತಿದ್ದಳು.

ನಂಜನಗೂಡಿನ ಹೊಳೆಯಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟು, ಬೇರೆ ಉಟ್ಟು ಹೋಗುವುದನ್ನು ನಾವು ಹುಟ್ಟಿದಾಗಿನಿಂದ ನೋಡಿದವರು. ಕಾಯಿಲೆಯವರ ಬಟ್ಟೆಯಾದರೆ ಕಾಯಿಲೆಯೂ ಅದರ ಜೊತೆಗೇ ಹೋಗುತ್ತದೆ ಎಂಬ ನಂಬಿಕೆ. ಬಿಟ್ಟ ಮೇಲೆ ತಿರುಗಿ ನೋಡಬಾರದು, ನೋಡಿದರೆ ಹೋದದ್ದು ಹಿಂದೆಯೇ ಬರುತ್ತದಂತೆ. ನೀರು ಇಳಿದಾಗ ಮೆಟ್ಟಿಲ ಕೆಳಗೆ ಸೀರೆ, ಪಂಚೆ, ಲಂಗ ಎಲ್ಲ ಕೆಸರಿಗೆ ಮೆತ್ತಿಕೊಂಡು ಕೊಳೆಯುತ್ತಿರುತ್ತವೆ. ಅವ್ವ ಪ್ರತಿ ಸಲ ಆಸ್ಪತ್ರೆಯಿಂದ ಬಂದಾಗಲೂ "ಒಂದ್ ಅಂಗಿ ಬುಟ್ಬುಡನ" ಎನ್ನುತ್ತಿದ್ದಳು. ನಾನು ಪ್ರತಿ ಸಲವೂ ಜಗಳ ತೆಗೆದು ತಪ್ಪಿಸುತ್ತಿದ್ದೆ.

ಆ ಚಳಿಗಾಲ ತಂಗಿಯ ಕಾಲು ಊದಿಕೊಂಡಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಆ ಮಾತಿನ ಅರ್ಥ ಅವ್ವನಿಗೂ ಗೊತ್ತಿತ್ತು. ಸುದ್ದಿ ಕೇಳಿ ನರಸೀಪುರದಿಂದ ಸೋದರತ್ತೆ, ಅಪ್ಪನ ತಂಗಿ, ಓಡಿಬಂದಳು. ನಂಜನಗೂಡಿನಲ್ಲಿ ಬಿಟ್ಟ ಬಟ್ಟೆ ಮೆಟ್ಟಿಲ ಬುಡದಲ್ಲೇ ಬಿದ್ದಿರುತ್ತದೆ, ತಮ್ಮೂರ ಕೂಡಲಿನಲ್ಲಾದರೆ ಕಪಿಲೆ ಕಾವೇರಿ ಎರಡೂ ಸೇರಿ ದೂರ ಎಳೆದುಕೊಂಡು ಹೋಗುತ್ತವೆ ಎಂದು ಅತ್ತೆಯ ವಾದ.

"ನೀರ್ಗೆ ಅಂಗಿ ಬುಟ್ರೆ ಎದೆ ತೂತು ಮುಚ್ಕಂಡದಾ ಅತ್ತೆ?" ಎಂದು ನಾನು ಕೂಗಾಡಿದೆ.

"ಡಾಕ್ಟ್ರು ಮುಚ್ಚುದ್ರಾ?" ಎಂದಳು ಅತ್ತೆ.

ಅವ್ವ ಗೋಡೆಗೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದಳು. ಮಾಡಲು ಅವಳಿಗೆ ಬೇರೇನೂ ಉಳಿದಿರಲಿಲ್ಲ. "ಆಯ್ತು ನಡೀರಿ" ಎಂದೆ.

ಬೇಸಿಗೆಯ ಹಳದಿ ಅಂಗಿಯನ್ನು ಆರಿಸಿದೆವು. ಅದರ ಪ್ರಿಂಟ್ ಬಿರಿದು ಅಳಿಲಿನ ಒಂದು ಕಣ್ಣು ಉದುರಿಹೋಗಿತ್ತು. ಮೈಮೇಲಿಂದ ತೆಗೆದು ಬಿಡಬೇಕೆಂಬ ಶಾಸ್ತ್ರಕ್ಕೆ ಅದನ್ನು ಸ್ವೆಟರಿನ ಒಳಗೆ ಹಾಕಿಸಿದೆವು. ತಂಗಿಗೆ ಅವ್ವನೇ ಹೇಳಿದಳು, "ಅಳಿಲು ಅವರೂರ್ಗೆ ಓಯ್ತದೆ ಕಣವ್ವ. ಅವರವ್ವ ಕಾಯ್ಕಂಡು ಕೂತವಳೆ." ತಂಗಿ ಹಿಗ್ಗಿಹೋದಳು. ನರಸೀಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸ್ವೆಟರಿನ ಕುತ್ತಿಗೆ ಎತ್ತಿ ಒಳಗೆ ಇಣುಕಿ, ಅವರವ್ವನಿಗೆ ಏನೇನು ಹೇಳಬೇಕೆಂದು ಅದಕ್ಕೆ ಪಿಸುಗುಡುತ್ತಿದ್ದಳು.

ಕೂಡಲಿನಲ್ಲಿ ಬಿಸಿಲಿತ್ತು, ಗಾಳಿ ಮಾತ್ರ ಥಂಡಿ. ಮೀಯಿಸುವುದು ಬೇಡವೆಂದು ತಲೆಗೆ ನಾಲ್ಕು ಹನಿ ಪ್ರೋಕ್ಷಿಸಿದೆವು. ಸೆರಗು ಅಡ್ಡ ಹಿಡಿದು ಸ್ವೆಟರ್ ತೆಗೆದು, ಭುಜದ ಪ್ರೆಸ್ ಬಟನ್ ಬಿಚ್ಚಿದೆ. ಅಂಗಿ ಸುಲಭವಾಗಿ ಇಳಿಯಿತು. ನೀರಿನಂಚಿನಲ್ಲಿ ಒಂದು ತೆಪ್ಪ ನಿಂತಿತ್ತು. "ಇದ್ರಲ್ಲಾ ಓಗದು?" ಎಂದು ಕೇಳಿದಳು ತಂಗಿ. ಅವ್ವ ಹೂಂ ಎಂದಳು. ಬನಿಯನ್ನಿನಲ್ಲಿ ನಿಂತಿದ್ದವಳ ಮೇಲೆ ನಾನು ಸ್ವೆಟರ್ ಹೊದಿಸುತ್ತಿದ್ದಾಗ ಅತ್ತೆ ಅಂಗಿಯನ್ನು ನೇರ ನೀರಿಗೆ ಬಿಟ್ಟಳು. ಒಳಗು ಹೊರಗು ಮಾಡಬೇಕೆಂಬುದು ಅವಳಿಗೆ ಹೇಗೆ ಗೊತ್ತಾಗಬೇಕು? "ತಿರಿಕ್ಕಳಿ, ನೋಡ್ಬ್ಯಾಡಿ" ಎಂದಳು. ನಾವು ತಿರುಗಿದೆವು. ಅವ್ವ ತಿರುಗಿದಳು, ಅತ್ತೆ ತಿರುಗಿದಳು, ನಂಬಿಕೆಯಿಲ್ಲದ ನಾನೂ ತಿರುಗಿದೆ.

"ಅಕ್ಕಾ, ಅದ್ಕೆ ಈಜಕ್ಕೆ ಬರಲ್ಲ!"

ಹಿಂದೆಯೇ ನೀರಿನ ಸದ್ದು. ನಾನು ನೋಡುವಷ್ಟರಲ್ಲಿ ಅವಳು ಎದೆಮಟ್ಟದ ನೀರಿನಲ್ಲಿದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದವಳು ಅಷ್ಟು ಬೇಗ ಹೇಗೆ ಇಳಿದಳೋ! ಅಂಗಿ ಎದೆ ಮೇಲೆ ಮಾಡಿಕೊಂಡು, ಉಳಿದ ಒಂದು ಕಣ್ಣನ್ನು ಬಿಟ್ಟುಕೊಂಡು ತೇಲುತ್ತಿತ್ತು. ಅವಳು ಅದನ್ನು ಹಿಡಿದಳು, ಹಿಡಿದು ಮುಳುಗಿದಳು. ನಾನು ಕುತ್ತಿಗೆವರೆಗೆ ಇಳಿದರೂ ಕೈಗೆ ಸಿಗಲಿಲ್ಲ. ತೆಪ್ಪದವನು ಹಾರಿ ಅವಳ ಜಡೆ ಹಿಡಿದು ಎಳೆದು ತಂದ. ದಡದಲ್ಲಿ ಮಲಗಿಸಿದಾಗ ತುಟಿ ನೇರಳೆ ಹಣ್ಣಿನಂತಾಗಿತ್ತು. ಅಳುತ್ತಿರಲಿಲ್ಲ. ಮುಷ್ಟಿ ಎತ್ತಿ ಅಂಗಿ ತೋರಿಸಿ, "ಸಿಕ್ತು" ಎಂದಳು.

ನರಸೀಪುರದ ಆಸ್ಪತ್ರೆಯಿಂದ ಆಂಬುಲೆನ್ಸಿನಲ್ಲಿ ಮೈಸೂರಿಗೆ ಹೋದೆವು. ಹೊಳೆಯ ಥಂಡಿ ಶ್ವಾಸಕೋಶಕ್ಕೆ ಇಳಿದಿತ್ತು. ಬದಲಿಗೆಂದು ಚೀಲದಲ್ಲಿ ತಂದಿದ್ದ ನೀಲಿ ಅಂಗಿ ಹಾಕಿಸಿದ್ದೆ. ನರ್ಸಮ್ಮ ಅದರ ಭುಜದ ಪ್ರೆಸ್ ಬಟನ್ ನೋಡಿ, "ಇದು ಒಳ್ಳೇದಾಯ್ತು, ಬಟ್ಟೆ ಬಿಚ್ಚದೇ ಸೂಜಿ ಹಾಕಬಹುದು" ಎಂದರು. ಹಳದಿ ಅಂಗಿ ಮಂಚದ ಕಂಬಿಯ ಮೇಲೆ ಒಣಗುತ್ತಿತ್ತು. ಮುಖಕ್ಕೆ ಹಾಕಿದ ಆಕ್ಸಿಜನ್ ಮಾಸ್ಕಿನ ಒಳಗಿಂದಲೇ ಅವಳು ಅದನ್ನು ತೋರಿಸಿ ಏನೋ ಹೇಳಿದಳು. ಬಗ್ಗಿ ಕಿವಿಗೊಟ್ಟೆ. "ಮುಖ ಈಚ್ಗೆ ಮಾಡಕ್ಕ, ಉಸ್ರಾಡ್ಲಿ." ಮಾಡಿದೆ. ಮಾರನೇ ದಿನ ಬೆಳಗ್ಗೆ ಡಾಕ್ಟರು ರೌಂಡ್ಸಿಗೆ ಬರುವ ಮೊದಲೇ ಅವಳು ಹೋಗಿಬಿಟ್ಟಳು.

ಅತ್ತೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವಳಿಗೂ ತಂಗಿಯೆಂದರೆ ಪ್ರಾಣವಾಗಿತ್ತು, ಊರಿಂದ ಬರುವಾಗ ಅವಳಿಗೆಂದೇ ಕಡಲೆಮಿಠಾಯಿ ಕಟ್ಟಿಸಿಕೊಂಡು ಬರುತ್ತಿದ್ದಳು. ಅದೆಲ್ಲ ಗೊತ್ತಿದ್ದೂ ಕ್ಷಮಿಸಿಲ್ಲ. ತಂಗಿ ನೀರಿಗೆ ಬಿದ್ದ ಹೊತ್ತಿನಲ್ಲೂ ಅತ್ತೆ ಒಂದು ಗಳಿಗೆ ಅನುಮಾನಿಸಿ ಆಮೇಲೆ ನೀರಿನ ಕಡೆ ತಿರುಗಿದಳು, ನಾನು ನೋಡಿದ್ದೇನೆ.

ಕಾರ್ಯ ಮುಗಿದ ಮೇಲೆ ಸತ್ತವರ ಬಟ್ಟೆ ಮನೆಯಲ್ಲಿ ಇರಬಾರದು, ಹೊಳೆಗೆ ಬಿಡಬೇಕು. ಅತ್ತೆಯೇ ಎಲ್ಲವನ್ನೂ ಗಂಟು ಕಟ್ಟಿದಳು: ಬೇಸಿಗೆಯದು, ಮಳೆಗಾಲದ್ದು, ಕೆಂಪು ಸ್ವೆಟರ್, ಆ ಹಳದಿಯದು. ಈ ಸಲ ದೂರ ಹೋಗಲಿಲ್ಲ, ನಂಜನಗೂಡಿನ ಹೊಳೆಗೇ ಇಳಿದೆವು. ಜಗಳವಾಡಿ ಉಳಿಸಿಕೊಳ್ಳುವುದಕ್ಕೆ ಏನಿತ್ತು ಇನ್ನು? ಅತ್ತೆ ಮಂಡಿಮಟ್ಟದ ನೀರಿನಲ್ಲಿ ನಿಂತು ಗಂಟು ಬಿಚ್ಚತೊಡಗಿದಳು. ಮೆಟ್ಟಿಲ ಮೇಲೆ ಕೂತಿದ್ದ ಅವ್ವ ಎದ್ದು, ಉಟ್ಟ ಸೀರೆಯಲ್ಲೇ ನೀರಿಗಿಳಿದು ಗಂಟಿಗೆ ಕೈ ಹಾಕಿದಳು.

"ಬ್ಯಾಡ. ಕೊಡಿಲ್ಲಿ."

"ಅತ್ತಿಗೆ, ಶಾಸ್ತ್ರ ಬುಟ್ರೆ ಆಯ್ತದಾ? ಬುಟ್ಬುಡಿ."

"ಅದ್ಕೆ ಈಜಕ್ಕೆ ಬರಲ್ಲ ಕಣಮ್ಮ" ಎಂದಳು ಅವ್ವ. "ಮುಳುಗೋಯ್ತದೆ. ಮಗು ಯೋಳ್ನಿಲ್ವಾ?"

ಗಂಟನ್ನು ಕಿತ್ತುಕೊಂಡು, ನೀರು ತಾಕದಂತೆ ತಲೆಗಿಂತ ಮೇಲೆ ಎತ್ತಿ ಹಿಡಿದು, ಅವ್ವ ಒಂದೊಂದೇ ಮೆಟ್ಟಿಲು ಹತ್ತಿ ಬಂದಳು.